ಇಳಾಗೆ ಕನ್ನಡ ಚೆನ್ನಾಗಿ ಬರುತ್ತದೆ

ಸೊಲ್ಲೆಂಟುನಾ, ಸ್ವೀಡನ್
12 ಜೂನ್ 2024

ಅಕ್ಕಾ,

ಸೋಮವಾರ ಬೆಳಿಗ್ಗೆ ಇಲ್ಲಿನ ಟೀವಿಯಲ್ಲಿ ನಿಮ್ಮ ಬೆಲ್ಜಿಯಮ್ಮಿನ ಚುನಾವಣೆಯ ಸುದ್ದಿ ತೋರಿಸಿದರು. ಒಂದು ಚೌಕದ ತುಂಬ ಹಳದಿ ಬಾವುಟ, ಅದರ ಮೇಲೆ ಕಪ್ಪು ಸಿಂಹ. ಫ್ಲೆಮಿಶ್ ರಾಷ್ಟ್ರೀಯವಾದಿಗಳು ಮತ್ತಷ್ಟು ಬೆಳೆದಿದ್ದಾರೆ ಎಂದು ಹೇಳಿ, ನಿಮ್ಮ ಕಡೆಯ ಯಾವುದೋ ಸಣ್ಣ ಊರಿನ ಕೆಫೆಯಲ್ಲಿ ಕೂತಿದ್ದ ಮುದುಕನ ಬಾಯಿಗೆ ಮೈಕ್ ಹಿಡಿದರು. ಗಾಜಿನಾಚೆ ಕೊಡೆ ಹಿಡಿದು ಹೋಗುತ್ತಿದ್ದ ಹೆಂಗಸು ನೀನೇ ಎಂದು ನಮ್ಮ ಚಿಕ್ಕವಳು ಅವನಿ ಹಟ ಹಿಡಿದಳು. "ದೊಡ್ಡಮ್ಮ ಟೀವೀಲಿ!" ನೀನಲ್ಲ ತಾನೆ?

ಫೋನ್ ಮಾಡಿ ಕೇಳಬಹುದಿತ್ತು. ಆದರೆ ಈ ಅಪಾರ್ಟ್‌ಮೆಂಟಿನಲ್ಲಿ ನಾನು ಫೋನಿನಲ್ಲಿ ಆಡಿದ್ದೆಲ್ಲ ಇಳಾಗೆ ಕೇಳಿಸುತ್ತದೆ. ಕಾಗದವಾದರೆ ಬರೆದವಳಿಗೆ ಮತ್ತು ಓದುವವಳಿಗೆ ಮಾತ್ರ. ಈ ಹಳೆಯ ಅಭ್ಯಾಸವನ್ನು ನಾವಿಬ್ಬರೂ ಬಿಡದೇ ಇದ್ದದ್ದು ಒಳ್ಳೆಯದಾಯಿತು.

ಇಲ್ಲೇ ನೆಲೆಸುವ ಖಾಯಂ ಪರ್ಮಿಟ್‌ಗೆ ಕೊನೆಗೂ ಅರ್ಜಿ ಹಾಕಿದೆವು. ಬಂದು ಆರು ವರ್ಷವಾದರೂ ಮೊದಲ ಎರಡು ವರ್ಷದ್ದು ಬೇರೆ ಬಗೆಯ ಪರ್ಮಿಟ್ಟಂತೆ, ಅದು ಲೆಕ್ಕಕ್ಕಿಲ್ಲ. ಕಿಸ್ಟಾದ ತಮ್ಮ ಆಫೀಸಿನಲ್ಲಿ ಪ್ರಭಾಕರ್ ವಿಚಾರಿಸಿದರೆ ಎಲ್ಲರೂ "ಬರುತ್ತೆ ಬಿಡಿ" ಎನ್ನುತ್ತಾರಂತೆ. ಒಬ್ಬರು ಮಾತ್ರ, "ದೊಡ್ಡ ಮಗಳಿಗೆ ಹದಿನೆಂಟು ತುಂಬೋದ್ರೊಳಗೆ ಬಂದ್ರೆ ಒಳ್ಳೇದು" ಎಂದರಂತೆ. ಇಳಾಗೆ ನವೆಂಬರಿನಲ್ಲಿ ತುಂಬುತ್ತದೆ. ಯಾಕೆ ಹಾಗೆಂದರು ಎಂದು ಪ್ರಭಾಕರ್ ಕೇಳಿಕೊಂಡು ಬರಲಿಲ್ಲ. ನಾನೂ ಮತ್ತೆ ಕೆದಕಲಿಲ್ಲ.

ಈ ವರ್ಷ ನನ್ನ ಕನ್ನಡ ತರಗತಿಗೆ ಏಳು ಮಕ್ಕಳು. ಇಲ್ಲಿ ಮನೆಮಾತನ್ನು ಶಾಲೆಯಲ್ಲೇ ಕಲಿಸುವ ಏರ್ಪಾಡಿದೆ. ಐದು ಮಕ್ಕಳಾದರೂ ಸೇರಿದರೆ ಕಮ್ಯೂನ್, ಎಂದರೆ ಇಲ್ಲಿನ ಪುರಸಭೆ, ಸಂಬಳ ಕೊಟ್ಟು ಟೀಚರನ್ನು ಇಡುತ್ತದೆ. ಮೊನ್ನೆ ದಿಯಾ ಎಂಬ ಪುಟ್ಟಿ ಕೇಳಿದಳು: "ಟೀಚರ್, ಒತ್ತಕ್ಷರ ಯಾಕೆ ಕೆಳಗೇ ಕೂತಿರುತ್ತೆ? ಮೇಲೆ ಅದಕ್ಕೆ ಜಾಗ ಕೊಡಲ್ವಾ?" ನನ್ನ ಎಂ.ಎ. ಅಲ್ಲೇ ಕೈಕೊಟ್ಟಿತು.

ಭಾವ ಹೇಗಿದ್ದಾರೆ?

ಪದ್ಮಿನಿ


ಲಿಂಡರ್‌ಬೆಕೆ, ಬೆಲ್ಜಿಯಮ್
30 ಜೂನ್ 2024

ಪದ್ಮಿ,

ಟೀವಿಯಲ್ಲಿದ್ದವಳು ನಾನಲ್ಲ. ನಾನಾಗಿದ್ದರೆ ಕೊಡೆ ಮಡಚಿ ಮೈಕಿನ ಮುಂದೆ ಹೋಗಿ ನಿಲ್ಲುತ್ತಿದ್ದೆ.

ಆ ಹಳದಿ ಬಾವುಟ ನೋಡಿ ನೀನು ಹೆದರಿಕೊಂಡ ಹಾಗಿದೆ. ನನಗೆ ಅದನ್ನು ಕಂಡರೆ ಅಪ್ಪನ ನೆನಪು. ಕಾರ್ಖಾನೆಯ ಕನ್ನಡ ಸಂಘದ ಕಾರ್ಯದರ್ಶಿಯಾಗಿ ಅಪ್ಪ ನವೆಂಬರ್ ಒಂದಕ್ಕೆ ಗೇಟಿನಲ್ಲಿ ಏರಿಸುತ್ತಿದ್ದ ಬಾವುಟದ ಹಳದಿಯೂ ಇದೇ. ಬ್ಯಾಂಕಿನಲ್ಲಿ ಕನ್ನಡದ ಚಲನ್ ಕೊಡುವವರೆಗೆ ಕೌಂಟರ್ ಬಿಟ್ಟು ಕದಲುತ್ತಿರಲಿಲ್ಲ, ನೆನಪಿದೆಯಾ? ಹಿಂದಿದ್ದವರು "ಸ್ವಾಮಿ, ನಮಗೂ ಊಟದ ಹೊತ್ತಾಯ್ತು" ಎಂದು ಗೊಣಗುತ್ತಿದ್ದರು. ನಾವಿಬ್ಬರೂ ನಾಚಿಕೊಂಡು ಕಂಬದ ಹಿಂದೆ ಅಡಗುತ್ತಿದ್ದೆವು.

ಇಲ್ಲಿನ ಫ್ಲೆಮಿಶ್ ಜನರದೂ ಅದೇ ಕಥೆ. ಕೋರ್ಟಿನಲ್ಲಿ ಫ್ರೆಂಚ್, ಕಾಲೇಜಿನಲ್ಲಿ ಫ್ರೆಂಚ್. ಇವರ ಡಚ್ ಭಾಷೆಯನ್ನು ಆಳುಕಾಳುಗಳ ಭಾಷೆ ಎಂದು ಮೂಗು ಮುರಿಯುತ್ತಿದ್ದರಂತೆ. ಅದರ ವಿರುದ್ಧ ಎದ್ದ ಜನ ಇವರು. ನಿಮ್ಮ ಸ್ವೀಡನ್ನಿನ ವಲಸೆ ವಿರೋಧಿಗಳ ಜೊತೆ ಸೇರಿಸಿ ನೋಡಬೇಡ.

ಲೈಬ್ರರಿಯಲ್ಲಿ ನಾನು ನಡೆಸುವ ಡಚ್ ಮಾತಿನ ಮೇಜಿನ ಬಗ್ಗೆ ಊರಿನ ಪತ್ರಿಕೆಯವರು ಬರೆದರು. ಹೊಸದಾಗಿ ಬಂದ ಹೆಂಗಸರು ವಾರಕ್ಕೊಮ್ಮೆ ಕೂತು ಡಚ್ ಮಾತಾಡಿ ಅಭ್ಯಾಸ ಮಾಡುತ್ತಾರೆ, ನಾನು ತಿದ್ದುತ್ತೇನೆ. "ಇಲ್ಲಿಗೆ ಬಂದವರು ಇಲ್ಲಿನ ಭಾಷೆ ಕಲಿಯಬೇಕು, ನಮ್ಮ ಬೆಂಗಳೂರಿನಲ್ಲೂ ನಾವು ಇದನ್ನೇ ಹೇಳುವುದು" ಎಂದಿದ್ದೆ. ಅದನ್ನೇ ತಲೆಬರಹ ಮಾಡಿದ್ದಾರೆ. ರಸ್ತೆಯಲ್ಲಿ ಜನ ನಿಲ್ಲಿಸಿ ಕೈಕುಲುಕುತ್ತಿದ್ದಾರೆ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಆ ಹಳದಿ ಬಾವುಟದ ಪಕ್ಷಕ್ಕೆ ನಮ್ಮ ಊರಿನ ಮುಖಂಡ ಬೇಕರಿಯವನು. ಸ್ವತಃ ಕೇಕ್ ತಂದುಕೊಟ್ಟು ಹೋದ.

"ಕೇಕ್ ಹಿಡ್ಕೊಂಡು ಬಂದೋನು ಸುಮ್ನೆ ಹೋಗಲ್ಲ ಕಣೇ," ಎಂದರು ನಿಮ್ಮ ಭಾವ, ಎರಡನೇ ತುಂಡು ತಿನ್ನುತ್ತ.

ಏನಿಲ್ಲ, ಬರೀ ಪರಿಚಯಕ್ಕೆ ಬಂದಿದ್ದ.

ಸುಲೋಚನಾ


ಲಿಂಡರ್‌ಬೆಕೆ
18 ಅಕ್ಟೋಬರ್ 2024

ಪದ್ಮಿ,

ಮೂರೂವರೆ ತಿಂಗಳು ಬರೆಯಲಿಲ್ಲ. ನೀನೂ ಬರೆಯಲಿಲ್ಲವಾದ್ದರಿಂದ ಬಾಕಿ ಸಮ.

ಕಳೆದ ಭಾನುವಾರ ಇಲ್ಲಿ ಊರಿನ ಕೌನ್ಸಿಲ್ಲಿಗೆ ಚುನಾವಣೆ ನಡೆಯಿತು. ನಾನು ನಿಂತಿದ್ದೆ. ಗೆದ್ದೆ. ಯಾವ ಪಕ್ಷದಿಂದ ಎಂದು ನೀನು ಊಹಿಸಿಯಾಗಿದೆ. ಮೊದಲೇ ಹೇಳಿದ್ದರೆ ಬೇಡ ಎನ್ನುತ್ತಿದ್ದೆ, ಅದಕ್ಕೆ ಹೇಳಲಿಲ್ಲ. ಹೋದ ಸಲ ಪಕ್ಷಕ್ಕೆ ಮೂರು ಸೀಟು, ಈ ಸಲ ಹನ್ನೊಂದು. ಪಟ್ಟಿಯ ಕೊನೆಯಲ್ಲಿದ್ದ ನನಗೆ ಜನ ಹೆಸರು ಹುಡುಕಿ ಮತ ಹಾಕಿದ್ದಾರೆ. ಸುಲೋಚನಾ ಎಂದು ಹೇಳಲು ಬಾರದವರು! ಬೇಕರಿಯವನು ಮೈಕಿನಲ್ಲಿ "ನಮ್ಮ ಸೂಲೋ" ಎಂದು ಕೂಗಿದ. ನಿಮ್ಮ ಭಾವ ಈಗ ಮನೆಯಲ್ಲಿ ನನ್ನನ್ನು "ಸನ್ಮಾನ್ಯ ಸೂಲೋ ಅವರೇ" ಎಂದೇ ಕರೆಯುವುದು.

ಪೋಸ್ಟರಿಗೆ ಸೀರೆ ಉಟ್ಟು ಫೋಟೊ ತೆಗೆಸಿಕೊಳ್ಳಲು ಹೇಳಿದರು. ಅಮ್ಮನ ಹಸಿರು ಮೈಸೂರು ಸಿಲ್ಕ್ ಉಟ್ಟೆ. ಆ ಫೋಟೊ ಹಾಕಿದ ಪಕ್ಷದ ಚೀಟಿ ಇದರ ಜೊತೆಗಿದೆ.

ಅಪ್ಪ ಇದ್ದಿದ್ದರೆ ಎಂದು ಆ ದಿನವೆಲ್ಲ ಅನ್ನಿಸಿತು. ನಿನಗೆ ಸಂತೋಷವಾಯಿತೇ? ನಿಜ ಬರೆ.

ಅಕ್ಕ


ಸೊಲ್ಲೆಂಟುನಾ
3 ನವೆಂಬರ್ 2024

ಅಕ್ಕಾ,

ಗೆದ್ದದ್ದಕ್ಕೆ ಅಭಿನಂದನೆ. ಫೋಟೊದಲ್ಲಿ ಚೆನ್ನಾಗಿ ಕಾಣುತ್ತೀಯ, ಸೀರೆಯೂ ಚೆನ್ನಾಗಿದೆ. ನಿಮ್ಮ ಪಕ್ಷದ ಪ್ರಣಾಳಿಕೆ ಓದಲು ಪುರುಸೊತ್ತಾಗಿಲ್ಲ.

ಅಪ್ಪನ ವಿಷಯ ಎತ್ತಿದೆಯಾದ್ದರಿಂದ ಒಂದು ಮಾತು. ಕಾವೇರಿ ಗಲಾಟೆಯ ಡಿಸೆಂಬರಿನಲ್ಲಿ ನೀನು ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಪಕ್ಕದ ಮನೆಯ ಸೆಲ್ವಿ ಆಂಟಿ ಇಬ್ಬರು ಮಕ್ಕಳೊಂದಿಗೆ ನಮ್ಮ ಅಡುಗೆಮನೆಯಲ್ಲಿ ಎರಡು ದಿನ ಕೂತಿದ್ದರು. ಅವರ ಮಗು ಕೆಮ್ಮಿದರೆ ಅಮ್ಮ ನಲ್ಲಿ ತಿರುಗಿಸುತ್ತಿದ್ದರು, ಹೊರಗೆ ಕೇಳಬಾರದೆಂದು. ಅಪ್ಪ ಬಾಗಿಲಿಗೆ ಸಂಘದ ಬಾವುಟ ಕಟ್ಟಿ, ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಗುಂಪು ಬಂತು, ಬಾವುಟ ನೋಡಿತು, ಅಪ್ಪನಿಗೆ ನಮಸ್ಕಾರ ಹೇಳಿ ಮುಂದಿನ ಬೀದಿಗೆ ಹೋಯಿತು. ಗುಂಪಿನಲ್ಲಿ ಸಂಘದವರೂ ಇದ್ದರು. ಅಪ್ಪ ಅವರ ಹೆಸರು ಹಿಡಿದು ಮಾತಾಡಿಸಿದ್ದನ್ನು ಒಳಗಿನಿಂದ ಕೇಳಿದೆ. ಆಮೇಲೆ ಸೆಲ್ವಿ ಆಂಟಿ ಮನೆ ಖಾಲಿ ಮಾಡಿದರು. ಅಪ್ಪ ಎಂದಿನಂತೆ ಭಾನುವಾರ ಸಂಘಕ್ಕೆ ಹೋದರು. ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ.

ಯಾಕೆ ಬರೆದೆನೋ ತಿಳಿಯದು. ನೀನು ನಿಜ ಬರೆ ಎಂದೆಯಲ್ಲ.

ಪರ್ಮಿಟ್ಟಿನ ಸುದ್ದಿ ಇನ್ನೂ ಇಲ್ಲ. ಹತ್ತೊಂಬತ್ತಕ್ಕೆ ಇಳಾಳ ಹುಟ್ಟುಹಬ್ಬ. ಪ್ರಭಾಕರ್ ದಿನವೂ ವಲಸೆ ಕಚೇರಿಯ ವೆಬ್‌ಸೈಟ್ ತೆರೆದು ನೋಡುತ್ತಾರೆ, ಮುಚ್ಚುತ್ತಾರೆ, "ಇವತ್ತೂ ಪರಿಶೀಲನೆಯಲ್ಲಿದೆ" ಎಂದು ಹವಾಮಾನ ವರದಿಯಂತೆ ಹೇಳುತ್ತಾರೆ.

ಪದ್ಮಿನಿ


ಲಿಂಡರ್‌ಬೆಕೆ
17 ನವೆಂಬರ್ 2024

ಪದ್ಮಿ,

ಅಪ್ಪ ಆ ಎರಡು ದಿನ ಕುರ್ಚಿ ಹಾಕಿಕೊಂಡು ಬಾಗಿಲಲ್ಲಿ ಕೂತರು ಎಂಬುದನ್ನು ನಾನು ಹೆಮ್ಮೆಯಿಂದ ಓದಿದೆ. ನೀನು ಬೇರೆ ಏನನ್ನೋ ಹೇಳಲು ಬರೆದಂತಿದೆ. ಸಂಘದ ಒಳಗಿದ್ದವನೇ ತಾನೆ ಗುಂಪನ್ನು ಮುಂದೆ ಕಳಿಸಬಲ್ಲವನು? ನಾನೂ ಒಳಗಿರುವುದು ಅದಕ್ಕೇ.

ಇಳಾಗೆ ನನ್ನ ಮುತ್ತು. ಅವಳಿಗೊಂದು ಸ್ವೆಟರ್ ಕಳಿಸಿದ್ದೇನೆ. ಹಳದಿಯಲ್ಲ, ಹೆದರಬೇಡಿ.

ಅಕ್ಕ


ಸೊಲ್ಲೆಂಟುನಾ
9 ಫೆಬ್ರವರಿ 2025

ಅಕ್ಕಾ,

ಜನವರಿ ಕೊನೆಯಲ್ಲಿ ವಲಸೆ ಕಚೇರಿಯ ತೀರ್ಮಾನ ಬಂತು. ನನಗೆ, ಪ್ರಭಾಕರ್‌ಗೆ, ಚಿಕ್ಕವಳು ಅವನಿಗೆ ಖಾಯಂ ಪರ್ಮಿಟ್ ಸಿಕ್ಕಿದೆ. ಇಳಾಗೆ ಇಲ್ಲ. ತೀರ್ಮಾನವಾದ ದಿನ ಅವಳಿಗೆ ಹದಿನೆಂಟು ದಾಟಿತ್ತು. ವಯಸ್ಕಳು, ಹಾಗಾಗಿ ನಮ್ಮ ಕುಟುಂಬದ ಅರ್ಜಿಯಲ್ಲಿ ಸೇರುವುದಿಲ್ಲ. ಭಾರತಕ್ಕೆ ಹಿಂತಿರುಗಬೇಕು. ಅರ್ಜಿ ಅವರ ಮೇಜಿನ ಮೇಲಿದ್ದಾಗಲೇ ಅವಳು ಬೆಳೆದುಬಿಟ್ಟಳು.

ಅವಳು ಅಳಲಿಲ್ಲ. "ಅಂದ್ರೆ ನೀವು ಮೂರು ಜನ ಫ್ಯಾಮಿಲಿ. ನಾನೇನು, ಪೇಯಿಂಗ್ ಗೆಸ್ಟಾ?" ಎಂದಳು. ಪ್ರಭಾಕರ್ ಎದ್ದು ಬಾಲ್ಕನಿಗೆ ಹೋಗಿ ಹಿಮದಲ್ಲಿ ಬರಿಗಾಲಲ್ಲಿ ನಿಂತರು. "ಅಪ್ಪಾ, ಒಳಗೆ ಬಾ, ಅಲ್ಲಿ ನಿಂತ್ರೆ ಪರ್ಮಿಟ್ ಕೊಡ್ತಾರಾ?" ಎಂದು ಕರೆದುಕೊಂಡು ಬಂದವಳೂ ಅವಳೇ.

ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಿದ್ದೇವೆ. ಅಲ್ಲಿಯವರೆಗೆ ಇಲ್ಲಿರಬಹುದು. ಆದರೆ ಗಡಿ ದಾಟಿದರೆ ಮತ್ತೆ ಒಳಗೆ ಬರಲಾಗದು. ಅವಳ ತರಗತಿಯವರೆಲ್ಲ ಬರ್ಲಿನ್ನಿಗೆ ಪ್ರವಾಸ ಹೋದರು, ಇವಳು ಮನೆಯಲ್ಲಿ ಕೂತಳು. ಹೊರಗೆ ಹೋಗು ಎನ್ನುವವರಿಗೆ ಹೆದರಿ ಹೊರಗೆ ಕಾಲಿಡದೆ ಕೂತಿದ್ದಾಳೆ. ಅವಳನ್ನು ಬಿಟ್ಟು ನಾವೂ ಎಲ್ಲಿಗೂ ಹೋಗುತ್ತಿಲ್ಲ. ನಿನ್ನ ಮನೆಗೆ ಬೇಸಿಗೆಗೆ ಬರುತ್ತೇವೆಂದಿದ್ದೆ, ಅದೂ ಆಗದು.

ಅವಳನ್ನು ಬಲ್ಲವರಿಂದ ಪತ್ರಗಳಿದ್ದರೆ ಒಳ್ಳೆಯದು ಎಂದು ವಕೀಲೆ ಹೇಳಿದ್ದಾರೆ. ನೀನು ಬರೆದುಕೊಡು. ಯುರೋಪಿನ ಒಂದು ಊರಿನ ಚುನಾಯಿತ ಸದಸ್ಯೆ ನೀನು. ಪಕ್ಷ ಯಾವುದಾದರೂ ಇರಲಿ, ಮುದ್ರೆಗೆ ಬೆಲೆಯಿದೆ.

ಪದ್ಮಿ


ಲಿಂಡರ್‌ಬೆಕೆ
22 ಫೆಬ್ರವರಿ 2025

ಪದ್ಮಿ,

ನಿನ್ನ ಕಾಗದ ಬಂದ ದಿನದಿಂದ ಮನೆಯಲ್ಲಿ ಒಲೆ ಹೊತ್ತಿಸಿದ್ದು ಕಡಿಮೆ. ಪತ್ರವನ್ನು ನಾಲ್ಕು ಸಲ ಬರೆದು ಹರಿದೆ. ಐದನೆಯದು ಸರಿಯೆನ್ನಿಸಿತು. ವಕೀಲೆಗೆ ಇಂಗ್ಲಿಷಿನಲ್ಲಿ ಕಳಿಸಿದ್ದೇನೆ. ಮುಖ್ಯವಾದ ಭಾಗ ನಿನಗಾಗಿ ನಮ್ಮ ಭಾಷೆಯಲ್ಲಿ:

"ಇಳಾಗೆ ಕನ್ನಡ ಚೆನ್ನಾಗಿ ಬರುತ್ತದೆ. ಹನ್ನೊಂದನೇ ವಯಸ್ಸಿಗೆ ಊರು ಬಿಟ್ಟವಳು ಇಂದಿಗೂ ಕನ್ನಡದಲ್ಲಿ ಕವಿತೆ ಓದುತ್ತಾಳೆ, ನನಗೆ ಕಾಗದ ಬರೆಯುತ್ತಾಳೆ, ಹಬ್ಬಗಳಲ್ಲಿ ಹಾಡುತ್ತಾಳೆ. ತನ್ನ ನುಡಿಯನ್ನು ಇಷ್ಟು ಪ್ರೀತಿಸುವವಳೇ ಇನ್ನೊಬ್ಬರ ನುಡಿಯನ್ನೂ ಗೌರವದಿಂದ ಕಲಿಯಬಲ್ಲಳು. ಅವಳ ಸ್ವೀಡಿಷ್ ಕೇಳಿದವರಿಗೆ ಅದು ಗೊತ್ತು. ಇಂಥವಳು ಯಾವ ದೇಶಕ್ಕೂ ಭಾರವಾಗಲಾರಳು."

ಇಲ್ಲಿ ನಾನು ಸಭೆಗಳಲ್ಲಿ ಇದೇ ಮಾತಾಡುವುದು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಭಾಷೆಯ ಅಭಿಮಾನ ಇರುವವರನ್ನು ಕಂಡರೆ ಇವರಿಗೆ ತಾವೇ ಕಂಡಂತೆ. ಸ್ವೀಡನ್ನಿನವರೂ ಮನುಷ್ಯರೇ, ಅರ್ಥವಾಗುತ್ತದೆ.

ಕೌನ್ಸಿಲ್ಲಿನ ಮುದ್ರೆ ಹಾಕಲು ಅನುಮತಿ ಬೇಕಿತ್ತು. ಬೇಕರಿಯವನು ಒಂದು ಮಾತೂ ಕೇಳದೆ ಹಾಕಿಸಿಕೊಟ್ಟ. ಅವನ ಬಗ್ಗೆ ನೀನು ಏನಂದುಕೊಂಡಿದ್ದೀಯೋ ಗೊತ್ತಿಲ್ಲ, ಇದನ್ನೂ ತಿಳಿದಿರು.

ಅಕ್ಕ


ಸೊಲ್ಲೆಂಟುನಾ
16 ಮಾರ್ಚ್ 2025

ಅಕ್ಕಾ,

ನಿನ್ನ ಪತ್ರವನ್ನು ಅಡುಗೆಮನೆಯ ಮೇಜಿನಲ್ಲಿ ಕೂತು ಗಟ್ಟಿಯಾಗಿ ಓದಿದೆ. ಪ್ರಭಾಕರ್ ಕನ್ನಡಕ ತೆಗೆದು ಒರೆಸಿದರು. ಇಳಾ, "ದೊಡ್ಡಮ್ಮ ಸ್ವಲ್ಪ ಓವರ್, ನಾನು ಹಬ್ಬದಲ್ಲಿ ಹಾಡಿದ್ದು ಒಂದೇ ಸಲ, ಅದೂ ಮೂರನೇ ಸಾಲಲ್ಲಿ ನಿಂತು" ಎಂದಳು. ಆದರೆ ಆ ಕಾಗದವನ್ನು ಕೋಣೆಗೆ ತೆಗೆದುಕೊಂಡು ಹೋದಳು.

ವಕೀಲೆ ಒಳ್ಳೆಯ ಹೆಂಗಸು, ಚಿಕ್ಕ ವಯಸ್ಸು. ಕನ್ನಡ ಚೆನ್ನಾಗಿ ಬರುತ್ತದೆ ಎಂಬ ಭಾಗಕ್ಕೆ ಬೆರಳಿಟ್ಟು, "ಇದು ಬೇಕೇ? ಇಲ್ಲದೆಯೂ ಪತ್ರ ನಿಲ್ಲುತ್ತದೆ" ಎಂದು ಕೇಳಿದರು. ಒಂದೇ ಭಾಷೆಯಲ್ಲಿ ಹುಟ್ಟಿ ಬೆಳೆದವರಿಗೆ ಇದೆಲ್ಲ ಹೆಚ್ಚುವರಿ ಅಲಂಕಾರದಂತೆ ಕಾಣುತ್ತದೇನೋ. ಇರಲಿ, ಅದೇ ಪತ್ರದ ಜೀವ ಎಂದೆ. ಅಷ್ಟೇ ಅಲ್ಲ, ಶಾಲೆಯಲ್ಲಿ ಕನ್ನಡಕ್ಕೆ ಬಂದ ಅತ್ಯುತ್ತಮ ಗ್ರೇಡನ್ನೂ, ರಾಜ್ಯೋತ್ಸವದ ಕಾರ್ಯಕ್ರಮದ ಫೋಟೊವನ್ನೂ ಸೇರಿಸಿ ಕೊಟ್ಟೆ. ವಕೀಲೆ ಎಲ್ಲವನ್ನೂ ಲಗತ್ತಿಸಿದರು.

ನಮಗೆ ಏನಾದರೂ ಒಳ್ಳೆಯದಾದರೆ ಅದು ನಿನ್ನಿಂದ.

ಪದ್ಮಿ


ಸೊಲ್ಲೆಂಟುನಾ
4 ಸೆಪ್ಟೆಂಬರ್ 2025

ಸುಲೋಚನಾ,

ತೀರ್ಪು ಬಂದಿದೆ. ಒಂದು ಭಾಗ ನಿನಗಾಗಿ ನಮ್ಮ ಭಾಷೆಯಲ್ಲಿ:

"ಮೇಲ್ಮನವಿದಾರಳು ತನ್ನ ಮೂಲ ಪ್ರದೇಶದ ಭಾಷೆಯನ್ನು ಓದಲು, ಬರೆಯಲು ಮತ್ತು ಮಾತನಾಡಲು ಚೆನ್ನಾಗಿ ಬಲ್ಲಳು ಎಂಬುದನ್ನು ಆಕೆಯ ಸ್ವಂತ ಸಂಬಂಧಿಕರ ಹೇಳಿಕೆ ಮತ್ತು ಶಾಲಾ ಗ್ರೇಡ್ ದೃಢಪಡಿಸುತ್ತವೆ. ಅಲ್ಲಿನ ಸಂಸ್ಕೃತಿಯೊಂದಿಗೆ ಆಕೆಗೆ ಜೀವಂತ ನಂಟಿದೆ. ಹಿಂತಿರುಗಿ ಅಲ್ಲಿ ಬದುಕು ಕಟ್ಟಿಕೊಳ್ಳುವುದು ಆಕೆಗೆ ಅಸಾಧ್ಯವಾಗದು."

ನಿನ್ನ ಮಾತು ಅವರಿಗೆ ಪೂರ್ತಿ ಅರ್ಥವಾಗಿದೆ, ನೋಡು.

ನಾನು ನಿನ್ನ ಪಕ್ಷದ ಪ್ರಣಾಳಿಕೆಯನ್ನು ಹೋದ ಅಕ್ಟೋಬರಿನಲ್ಲೇ ಓದಿದ್ದೆ. ಫೋನಿನಿಂದ ಅನುವಾದ ಮಾಡಿಸಿಕೊಂಡು, ಒಂದೊಂದು ಪುಟವನ್ನೂ. ಕುಟುಂಬದ ಪರ್ಮಿಟ್ ಬಿಗಿ ಮಾಡುತ್ತೇವೆ, ವಯಸ್ಸಿನ ಮಿತಿಯಲ್ಲಿ ಸಡಿಲಿಕೆಯಿಲ್ಲ, ಮೇಲ್ಮನವಿ ಕಡಿಮೆ ಮಾಡುತ್ತೇವೆ ಎಂದು ಅದರಲ್ಲಿದೆ. ಇಲ್ಲಿ ನನ್ನ ಮಗಳಿಗೆ ಆಗಿರುವುದನ್ನು ಅಲ್ಲಿ ಮಾಡಿ ತೋರಿಸುತ್ತೇವೆ ಎನ್ನುವ ಚೀಟಿಯಲ್ಲಿ ಅಮ್ಮನ ಸೀರೆ ಉಟ್ಟು ನೀನು ನಗುತ್ತಿದ್ದೀಯ. ನಿನ್ನ ಮುದ್ರೆ ಬೇಕಿತ್ತು, ಅದಕ್ಕೆ ಸುಮ್ಮನಿದ್ದೆ. ನೀನು ಚಪ್ಪಾಳೆ ಹೊಡೆಸಿಕೊಂಡ ಭಾಷಣವನ್ನೇ ನನ್ನ ಮಗಳ ಕೊರಳಿಗೆ ಕಟ್ಟಿ ಕಳಿಸಿದೆ.

ಜೂನ್‌ನಲ್ಲಿ ಅವಳ ಶಾಲೆ ಮುಗಿಯಿತು. ಇಲ್ಲಿನ ಪದ್ಧತಿಯಂತೆ ಬಿಳಿ ಟೋಪಿ ಹಾಕಿಕೊಂಡು, ಲಾರಿಯ ಮೇಲೆ ನಿಂತು, ಗೆಳತಿಯರ ಜೊತೆ ಕೂಗಿಕೊಂಡು ಊರು ಸುತ್ತಿದಳು. ಅದರ ಫೋಟೊ ನಿನಗೆ ಕಳಿಸಬೇಕೆಂದಿದ್ದೆ. ಈಗ ಬೇಡ.

ಮೇಲಿನ ನ್ಯಾಯಾಲಯಕ್ಕೆ ಹೋಗಲು ಅನುಮತಿ ಕೇಳಿದ್ದೇವೆ. ಸಿಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

ಪದ್ಮಿನಿ


ಲಿಂಡರ್‌ಬೆಕೆ
19 ಸೆಪ್ಟೆಂಬರ್ 2025

ಪದ್ಮಿನಿ,

ನೀನು ಬರೆದದ್ದೆಲ್ಲ ಸರಿ. ಆ ಪ್ಯಾರಾ ನಾನು ಬರೆದದ್ದು. ಅದರಿಂದ ತಪ್ಪಿಸಿಕೊಳ್ಳುವುದಿಲ್ಲ.

ಒಂದು ದಾರಿ ಹೇಳುತ್ತೇನೆ, ಕೋಪವಿದ್ದರೂ ಓದು. ಇಳಾ ಬೆಂಗಳೂರಿಗೆ ಹೋದ ಮೇಲೆ ಅಲ್ಲಿಂದ ಘೆಂಟ್ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲಿ. ಓದುವ ವೀಸಾ ಸಿಗಬಹುದು. ನಮ್ಮ ಮನೆಯಿಂದ ಅರ್ಧ ಗಂಟೆ ರೈಲು. ಮೇಲಿನ ಕೋಣೆ ಖಾಲಿಯಿದೆ, ನಿಮ್ಮ ಭಾವ ಈಗಲೇ ಗೋಡೆಗೆ ಬಣ್ಣ ಹಚ್ಚಲು ಹೊರಟಿದ್ದಾರೆ. ಅವಳನ್ನು ಕೇಳು.

ನನ್ನ ಡಚ್ ಮೇಜಿನ ಬಗ್ಗೆಯೂ ಹೇಳಬೇಕು. ಲೈಬ್ರರಿಯೂ ಸೇರಿ ಪುರಸಭೆಯ ಕಟ್ಟಡಗಳಲ್ಲಿ ಇನ್ನು ಡಚ್ ಬಿಟ್ಟು ಬೇರೆ ಮಾತಾಡಬಾರದು ಎಂದು ಪಕ್ಷ ಗೊತ್ತುವಳಿ ತಂದಿತು. ನನ್ನ ಮೇಜಿನಲ್ಲಿ ಹೊಸಬಳಿಗೆ ಅರ್ಥವಾಗದಿದ್ದರೆ ಪಕ್ಕದವಳು ಅವಳ ಭಾಷೆಯಲ್ಲಿ ಪಿಸುಗುಟ್ಟಿ ಹೇಳುತ್ತಿದ್ದಳು. ಅದೂ ಇಲ್ಲ ಇನ್ನು. ಗೊತ್ತುವಳಿ ಮಂಡಿಸಬೇಕಾದವಳು ನಾನೇ ಎಂದು ಬೇಕರಿಯವನು ಹೇಳಿದ. "ನೀನು ಹೇಳಿದರೆ ಯಾರೂ ಬಾಯಿ ತೆರೆಯುವಂತಿಲ್ಲ ಸೂಲೋ." ಮಂಡಿಸಿದೆ. ಕೈಯೂ ಎತ್ತಿದೆ. ಹೋದ ವಾರ ಮೇಜಿಗೆ ಇಬ್ಬರು ಬಂದಿದ್ದರು.

ಇದನ್ನು ನಿನ್ನ ದುಃಖದ ಪಕ್ಕದಲ್ಲಿ ಇಡಬಾರದು. ಆದರೂ ಹೇಳಲು ನನಗೆ ಬೇರೆ ಯಾರೂ ಇಲ್ಲ.

ಸುಲೋಚನಾ


ಸೊಲ್ಲೆಂಟುನಾ
1 ನವೆಂಬರ್ 2025

ಅನುಮತಿ ಸಿಗಲಿಲ್ಲ. ನಾಲ್ಕು ವಾರದಲ್ಲಿ ಹೊರಡಬೇಕು. ತಾನಾಗಿಯೇ ಹೋಗುತ್ತೇನೆ, ಪೊಲೀಸರು ಕರೆದುಕೊಂಡು ಹೋಗುವುದು ಬೇಡ ಎಂದು ಇಳಾ ಟಿಕೆಟ್ ತೆಗೆದಿದ್ದಾಳೆ. ಪ್ರಭಾಕರ್‌ರ ಚಿಕ್ಕಪ್ಪನ ಮಗ ಯೋಗೀಶ ರಾಜಾಜಿನಗರದಲ್ಲಿದ್ದಾನೆ, ಸದ್ಯಕ್ಕೆ ಅವನ ಮನೆ.

ಘೆಂಟ್ ವಿಷಯ ಕೇಳಿದೆ. "ಅಲ್ಲೂ ಓದು ಮುಗಿಯೋ ಹೊತ್ತಿಗೆ ದೊಡ್ಡಮ್ಮನ ಪಾರ್ಟಿಯವರೇ ಕಳಿಸ್ತಾರೆ. ಒಂದ್ಸಲ ಸಾಕು ಅಮ್ಮ" ಎಂದಳು. ಹಾಗೇ ಬರೆಯುತ್ತಿದ್ದೇನೆ. ಭಾವನಿಗೆ ಬಣ್ಣ ನಿಲ್ಲಿಸಲು ಹೇಳು.

ಇವತ್ತು ಇಲ್ಲಿಯ ಕನ್ನಡ ಕೂಟದ ರಾಜ್ಯೋತ್ಸವ. ನಾವು ಹೋಗಲಿಲ್ಲ.

ಪದ್ಮಿನಿ


ಲಿಂಡರ್‌ಬೆಕೆ
14 ಡಿಸೆಂಬರ್ 2025

ಪದ್ಮಿ,

ಇಳಾ ಹೋಗಿ ಎರಡು ವಾರವಾಯಿತು. ನೀನು ಬರೆಯಲಿಲ್ಲ, ಯೋಗೀಶನಿಗೆ ಫೋನ್ ಮಾಡಿ ತಿಳಿದುಕೊಂಡೆ. "ಅಕ್ಕಾ, ಹುಡುಗಿ ಜೋರಿದಾಳೆ, ಆಟೋದವನ ಹತ್ರ ನಮಗಿಂತ ಚೆನ್ನಾಗಿ ಜಗಳ ಆಡ್ತಾಳೆ" ಎಂದ. ನಗಬೇಕೋ ಏನು ಮಾಡಬೇಕೋ ತಿಳಿಯದೆ ಫೋನಿಟ್ಟೆ.

ರಾಜೀನಾಮೆ ಬರೆದು ಚೀಲದಲ್ಲಿಟ್ಟುಕೊಂಡು ಎರಡು ಸಭೆಗೆ ಹೋಗಿ ಬಂದೆ. ಬಿಟ್ಟರೆ, ಕೊನೆಗೂ ಅವಳು ಹೊರಗಿನವಳೇ ಎನ್ನುತ್ತಾರೆ. ಇದ್ದರೆ, ನೋಡಿ ಹೊರಗಿಂದ ಬಂದವಳೇ ಹೇಳುತ್ತಿದ್ದಾಳೆ ಎನ್ನುತ್ತಾರೆ. ಈ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೆಲ್ಲ ಆ ಪಕ್ಷದವರೇ. ಅವರಿಲ್ಲದಿದ್ದರೆ ಬೇಕರಿಗೂ ಹೋಗುವಂತಿಲ್ಲ. ನಿಮ್ಮ ಭಾವ ಈಗ ತಮಾಷೆಯನ್ನೂ ಮಾಡುತ್ತಿಲ್ಲ. ಅದು ಹೆಚ್ಚು ಕಷ್ಟ.

ಇಳಾಗೆ ಒಂದು ಕಾಗದ ಬರೆಯಲೇ? ಯಾವ ಭಾಷೆಯಲ್ಲಿ ಬರೆಯಲಿ ಎಂದು ಮೊದಲ ಬಾರಿಗೆ ಯೋಚಿಸುತ್ತಿದ್ದೇನೆ.

ಅಕ್ಕ


ಸೊಲ್ಲೆಂಟುನಾ
25 ಜನವರಿ 2026

ಅಕ್ಕಾ,

ವಕೀಲೆ ಆ ಪ್ಯಾರಾ ತೆಗೆಯೋಣವೇ ಎಂದು ಕೇಳಿದಾಗ ಬೇಡ ಎಂದವಳು ನಾನು, ಮೇಲೆ ಗ್ರೇಡನ್ನೂ ಸೇರಿಸಿದವಳು ನಾನು. ಹೋದ ಮಾರ್ಚಿನಲ್ಲಿ ನಿನಗೆ ಬರೆದೂ ಇದ್ದೆ. ನಾನು ಅಷ್ಟೆಲ್ಲ ಬೈದಾಗ ನೀನು ಆ ಕಾಗದ ತೆಗೆದು ತೋರಿಸಲಿಲ್ಲ.

ಇಳಾಗೆ ಬರೆ. ಉತ್ತರ ಬರುತ್ತದೋ ಇಲ್ಲವೋ ಹೇಳಲಾರೆ.

ನ್ಯಾಯಾಲಯ ಹೇಳಿದ್ದು ಸುಳ್ಳಾಗಲಿಲ್ಲ. ಅವಳು ಹೊಂದಿಕೊಂಡಿದ್ದಾಳೆ. ಕಾಲೇಜು ಸೇರಿದ್ದಾಳೆ, ಬಸ್ ನಂಬರುಗಳು ಬಾಯಿಗೆ ಬಂದಿವೆ, ಯೋಗೀಶನ ಹೆಂಡತಿ ಕೃತಿಗೆ ತರಕಾರಿಯವನ ಹತ್ತಿರ ಚೌಕಾಸಿ ಮಾಡಿಕೊಡುತ್ತಾಳಂತೆ. "ಪುಸ್ತಕದಲ್ಲಿರೋ ಥರ ಮಾತಾಡ್ತಾಳೆ ಅಕ್ಕ, ಕೇಳೋಕೆ ಚೆಂದ" ಎಂದಳು ಕೃತಿ. ಎಲ್ಲರ ಜೊತೆಗೂ ಕನ್ನಡ.

ನನ್ನ ಜೊತೆ ಮಾತ್ರ ಇಲ್ಲ. ಹೋದ ದಿನದಿಂದ ಫೋನಿನಲ್ಲಿ ನನ್ನ ಹತ್ತಿರ ಸ್ವೀಡಿಷ್ ಬಿಟ್ಟು ಒಂದು ಮಾತಾಡಿಲ್ಲ. ಇಲ್ಲಿದ್ದಾಗ ನನ್ನ ಜೊತೆ ಕನ್ನಡ ಬಿಟ್ಟು ಬೇರೆ ಆಡದಿದ್ದವಳು. ಮೊದಲ ಸಲ ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ, ಅವಳು ಸುಮ್ಮನಾದಳು. ಫೋನ್ ಇಡಲಿಲ್ಲ, ಕಾದಳು. ಹಿಂದೆ ರಸ್ತೆಯ ಸದ್ದು ಕೇಳುತ್ತಿತ್ತು. ಕೊನೆಗೆ ನಾನು ನನಗೆ ಬರುವ ಸ್ವೀಡಿಷಿನಲ್ಲಿ ಊಟವಾಯಿತೇ ಎಂದು ಕೇಳಿದೆ. ಆಗ ಮಾತಾಡಿದಳು. ಈಗ ದಿನವೂ ಹಾಗೆಯೇ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಬೇಕಾಗುವಷ್ಟು ಸ್ವೀಡಿಷ್ ನನಗೆ ಬರುತ್ತದೆ. ಮಗಳ ಜೊತೆ ಬೇಕಾಗುವಷ್ಟು ಬರುವುದಿಲ್ಲ.

ನಾನು ಹೋಗಿ ಅವಳ ಜೊತೆ ಇರಬಹುದು, ಆಗ ಅವನಿಯನ್ನು ಬಿಡಬೇಕು. ಅವನಿಯನ್ನೂ ಕರೆದುಕೊಂಡು ಹೋದರೆ ಸಿಕ್ಕಿರುವ ಪರ್ಮಿಟ್ ಬಿಡಬೇಕು. ಪ್ರಭಾಕರ್ ಮತ್ತು ನಾನು ಇದನ್ನೇ ಮೇಜಿನ ಎರಡು ಕಡೆಯಿಂದ ಎಳೆದಾಡುತ್ತೇವೆ. ಮಾತು ಹೊರಟಲ್ಲಿಗೇ ಬಂದು ನಿಲ್ಲುತ್ತದೆ.

ಕನ್ನಡ ತರಗತಿ ಮುಚ್ಚಿತು. ಇಳಾಳ ತೀರ್ಪಿನ ಸುದ್ದಿ ಹರಡಿ, ಪರ್ಮಿಟ್ ಇನ್ನೂ ಬಾರದ ಮನೆಯವರು ಒಬ್ಬೊಬ್ಬರಾಗಿ ಮಕ್ಕಳ ಹೆಸರು ತೆಗೆಸಿದರು. ದಿಯಾಳ ಅಮ್ಮ ಫೋನ್ ಮಾಡಿ, "ತಪ್ಪು ತಿಳ್ಕೋಬೇಡಿ ಮೇಡಂ, ನಾಳೆ ದಿನ ಗ್ರೇಡ್‌ನಲ್ಲಿ ಕನ್ನಡ ಅಂತ ಇದ್ರೆ..." ಎಂದು ಅಳುಕಿದರು. ತೆಗೆಸಿಬಿಡಿ ಎಂದು ನಾನೇ ಹೇಳಿದೆ. ಮೂವರು ಉಳಿದಿದ್ದರು, ಐವರಿಲ್ಲದೆ ತರಗತಿಯಿಲ್ಲ.

ನಿನ್ನೆ ಇಳಾಗೆ ಜ್ವರ. ದನಿ ಕೇಳಿದರೇ ತಿಳಿಯುತ್ತಿತ್ತು. ಜ್ವರ ಬಂದ ಮಗಳಿಗೆ ಸ್ವೀಡಿಷಿನಲ್ಲಿ ಏನು ಹೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅವನಿಯನ್ನು ಕರೆದೆ. ಕಂಬಳಿ ಹೊದ್ದುಕೊಂಡು ಮಲಗು ಚಿನ್ನ, ಬೆಳಿಗ್ಗೆ ಹೊತ್ತಿಗೆ ಇಳಿಯುತ್ತೆ, ಇದನ್ನು ಹೇಗೆ ಹೇಳುವುದು ಎಂದು ಕೇಳಿದೆ. ಅವಳು ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿಕೊಟ್ಟಳು. ನಾನು ಫೋನಿಗೆ ಹೇಳಿದೆ.

ಆ ಕಡೆಯಿಂದ ಇಳಾ ಒಂದು ಪದ ತಿದ್ದಿದಳು. ತಿದ್ದಿದ ಹಾಗೆ ಮತ್ತೊಮ್ಮೆ ಹೇಳಿದೆ.

ಪದ್ಮಿ